ಹಗ್ಗ ಇಡಿ

ದೋಣಿಯಲ್ಲಿ ಮನೆ ಮಾಡಿಕೊಂಡು ಇರಬೇಕು ಅನ್ನುವ ಆಸೆಯವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ನಿದ್ದೆ ಬರುತ್ತದಾ? ಬರುತ್ತದೆ. ನಿದ್ದೆಗೆ ನೀರು ಅಡ್ಡಿಯಲ್ಲ. ಪಕ್ಕದಲ್ಲಿ ಮಲಗಿರುವ ಇಬ್ಬರೂ ನಿನ್ನ ಮೇಲೆ ಒಂದೊಂದು ಕಣ್ಣು ಇಟ್ಟುಕೊಂಡು ಮಲಗಿದ್ದರೆ ಅದು ಅಡ್ಡಿ. ಎತ್ತಿನಗಾಡಿಯಷ್ಟು ಅಗಲದ ಕಬ್ಬಿಣದ ಡಬ್ಬಿಯೊಳಗೆ ಅನುಮಾನಕ್ಕೆ ಎದ್ದು ಹೊರಗೆ ಹೋಗಲು ಜಾಗವಿರುವುದಿಲ್ಲ. ಅದೂ ನಮ್ಮ ಜೊತೆಗೇ ಚಾಪೆ ಹಾಸಿಕೊಳ್ಳುತ್ತದೆ.

ಡಬ್ಬಿ ತಯಾರಾದದ್ದು ಕೊಳ್ಳೇಗಾಲದ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ. ಅದರ ಓನರ್ ಫೋನಿನಲ್ಲಿ ಯಾವುದೋ ಚಳಿದೇಶದ ಕಾಲುವೆ ದೋಣಿಗಳನ್ನು ನೋಡಿ ಮನಸೋತಿದ್ದರು. ಉದ್ದ ಬಸ್ಸಿನಷ್ಟು, ಒಳಗೆ ಮಂಚ, ಒಲೆ, ಕಿಟಕಿಗೆ ಪರದೆ. ಸತ್ತೇಗಾಲದ ಮೇಲಿನ ಕಟ್ಟೆಯಿಂದ ಹೊರಡುವ ನಾಲೆಯಲ್ಲಿ ಅಂಥದ್ದೊಂದನ್ನು ಇಳಿಸಿ, ಪೇಟೆಯ ಜನರನ್ನು ಗದ್ದೆ, ಕಬ್ಬು, ತೆಂಗಿನ ನಡುವೆ ತೇಲಿಸಬೇಕು ಎಂಬುದು ಅವರ ಆಸೆ. ಪರವಾನಗಿಯನ್ನೂ ಮಾಡಿಸಿದರು. ನಾಲೆಯ ನೀರು ನಿಲ್ಲಿಸುವುದರೊಳಗೆ ನಾವು ಮೂವರು ಅದರಲ್ಲೇ ಉಂಡು ಮಲಗಿ, ಮೇಲಕ್ಕೂ ಕೆಳಕ್ಕೂ ಓಡಿಸಿ, ಇದು ಆಗುವ ಕೆಲಸ ಎಂದು ತೋರಿಸಬೇಕಿತ್ತು. ತೋರಿಸಿದರೆ ಕೆಲಸ ಕಾಯಂ. ಇಲ್ಲದಿದ್ದರೆ ದೋಣಿ ಶೆಡ್ಡಿಗೆ, ನಾನು ಆಟೋಗೆ.

ಆಟೋ ಅಂದರೆ ಓಡಿಸುವುದಲ್ಲ, ಹಿಂದೆ ಕೂತು ಮೈಕಿನಲ್ಲಿ ಕೂಗುವುದು. ಯಳಂದೂರಿನ ಬೀದಿಗಳಲ್ಲಿ ಸೀರೆ ಅಂಗಡಿಯ ರಿಯಾಯಿತಿಗೆ ಒಂದು ದನಿ, ಕೋಳಿ ಅಂಗಡಿಯ ಉದ್ಘಾಟನೆಗೆ ಇನ್ನೊಂದು. ಮಾಂಬಳ್ಳಿಯಲ್ಲಿ ಹುಟ್ಟಿ ನಾನು ಕಲಿತ ಒಂದೇ ವಿದ್ಯೆ ಮಿಮಿಕ್ರಿ. ನಮ್ಮ ಸ್ಕೂಲಿನ ಹೆಡ್‌ಮಾಸ್ಟರಿಂದ ಹಿಡಿದು ಬಸ್ ಕಂಡಕ್ಟರವರೆಗೆ ಯಾರನ್ನೂ ಬಿಟ್ಟವನಲ್ಲ. ನಿನ್ನ ಸ್ವಂತ ದನಿ ಯಾವುದು ಎಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ. ದೋಣಿಯಲ್ಲಿ ನನ್ನ ಕೆಲಸ ಅಡುಗೆ, ಕರೆದರೆ ಹಗ್ಗ.

ಚುಕ್ಕಾಣಿ ಹಿಡಿದವರು ಕರಾವಳಿಯವರು. ಬೋಟು ನಡೆಸುವವರನ್ನು ಅವರ ಕಡೆ ತಾಂಡೇಲ ಅನ್ನುತ್ತಾರಂತೆ; ನಾವೂ ಹಾಗೇ ಕರೆದೆವು. ಸಮುದ್ರ ಕಂಡ ಮನುಷ್ಯ. ನಮ್ಮ ನಾಲೆಯನ್ನು ಮೊದಲ ಸಲ ನೋಡಿದಾಗ, ಊಟಕ್ಕೆ ಕೂತವರ ಮುಂದೆ ಕೈತೊಳೆಯುವ ಬಟ್ಟಲು ಇಟ್ಟ ಹಾಗೆ ನೋಡಿದರು. ಮೂರನೆಯವನು ಹನೂರು ಕಡೆಯ ಶಾಗ್ಯದವನು, ವಯಸ್ಸಿನಲ್ಲಿ ನಮ್ಮಿಬ್ಬರಿಗೂ ಹಿರಿಯ. ದೋಣಿಯ ಒಂದೊಂದು ಬೆಸುಗೆಯನ್ನೂ ಹಾಕಿದವನು ಅವನೇ. ತನ್ನ ಜಾಯಿಂಟುಗಳು ನೀರಿನಲ್ಲಿ ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡಲು ಬಂದಿದ್ದ. ನಾನು ಅವನನ್ನು ವೆಲ್ಡರಣ್ಣ ಅನ್ನುತ್ತಿದ್ದೆ. ತಾಂಡೇಲರು ವೆಲ್ಡರೇ ಅನ್ನುತ್ತಿದ್ದರು, ಬಹುವಚನದಲ್ಲಿ. ಈ ಬಹುವಚನವನ್ನು ನೆನಪಿಡಿ.

ಅನುಮಾನ ಶುರುವಾದದ್ದು ನೀರಿನಿಂದ. ದೋಣಿಯಲ್ಲಿ ಬೆಳಗ್ಗೆ ಎದ್ದವರು ಮುಖ ತೊಳೆಯುವ ಮೊದಲು ಹಿಂದಿನ ಹಲಗೆ ಎತ್ತಿ ತಳ ನೋಡಬೇಕು. ನಾವು ನೋಡಿದೆವು. ಒಂದು ಚೊಂಬಿನಷ್ಟು ನೀರು ನಿಂತಿತ್ತು. ನೀರೊಳಗೆ ತಿರುಗಿ ದೋಣಿಯನ್ನು ತಳ್ಳುವ ಫ್ಯಾನಿಗೆ ಹೋಗುವ ಶಾಫ್ಟು ದೋಣಿಯಿಂದ ಹೊರಗೆ ಹೊರಡುವ ಜಾಗದಲ್ಲಿ ಹನಿ ಬೀಳಲೇಬೇಕು, ಪೂರ್ತಿ ಬಿಗಿ ಮಾಡಿದರೆ ಶಾಫ್ಟು ಕಾದು ಸವೆಯುತ್ತದೆ, ಬಟ್ಟೆಯಲ್ಲಿ ಒರೆಸಿ ತೆಗೆದರೆ ಮುಗಿಯಿತು ಎಂದು ತಾಂಡೇಲರು ವಿವರಿಸಿದರು. ವೆಲ್ಡರಣ್ಣ ತಲೆಯಾಡಿಸಿದ. ಅವರು ಆಚೆ ಹೋದ ಮೇಲೆ ನನ್ನ ಕಿವಿಗೆ ಬಾಯಿಟ್ಟ.

“ತಾನೇ ನೀರು ಬುಟ್ಕಂಡು, ನೀರು ಬೀಳ್ಲೇಬೇಕು ಅಂತನೆ ಕಣ್ಲಾ. ನನ್ ಜಾಯಿಂಟು ಲೀಕು ಅಂತ ಓನರ್‌ಗೆ ಯೋಳಿ, ಅವ್ರ ಊರ್ ಕಡೆಯಿಂದ ಫೈಬರ್ ಬೋಟು ತರ್ಸೋ ಪಿಲಾನು.”

ಮಧ್ಯಾಹ್ನ ತಾಂಡೇಲರು ಈರುಳ್ಳಿ ಹೆಚ್ಚುತ್ತಿದ್ದ ನನ್ನ ಹತ್ತಿರ ಬಂದು ನಿಂತರು.

“ಆ ವೆಲ್ಡರು ನನ್ನನ್ನು ನೋಡುವ ರೀತಿ ಸರಿ ಇಲ್ಲ ಮಾರಾಯ. ಎಂತ ಅವರಿಗೆ?”

ನಾನು ಇಬ್ಬರಿಗೂ ಹೂಂ ಅಂದೆ. ಎರಡು ಕಡೆ ಹೂಂ ಅಂದವನನ್ನು ಎರಡು ಕಡೆಯೂ ನಂಬುವುದಿಲ್ಲ ಎಂದು ನನಗೆ ಆಗ ತೋಚಲಿಲ್ಲ.

ಉಳಿದ ಸಂಸಾರ ಚೆನ್ನಾಗಿಯೇ ಸಾಗಿತ್ತು. ಅಕ್ಕಿ ಮೂಟೆಯನ್ನು ಎಡಕ್ಕೆ ಇಟ್ಟರೆ ನೀರಿನ ಡ್ರಮ್ಮನ್ನು ಬಲಕ್ಕೆ ಇಡಬೇಕು. ಇಲ್ಲದಿದ್ದರೆ ದೋಣಿ ವಾಲಿ ಸಾರು ತಟ್ಟೆಯ ಒಂದೇ ಕಡೆ ಸೇರುತ್ತದೆ. ಗ್ಯಾಸ್ ಸಿಲಿಂಡರ್ ಒಳಗೆ ಇಡಬಾರದು, ಹೊರಗಿನ ಪೆಟ್ಟಿಗೆಯಲ್ಲೇ ಇರಬೇಕು. ಸೋರಿದ ಗ್ಯಾಸು ತಳದಲ್ಲಿ ಕೂರುತ್ತದೆ, ಕೆಳಗೆ ಕಿಟಕಿ ಇರುವುದಿಲ್ಲ. ಬ್ಯಾಟರಿಯಲ್ಲಿ ಗಾಳಿಯ ಫ್ಯಾನಾದರೂ ತಿರುಗುತ್ತದೆ, ಫೋನಾದರೂ ಚಾರ್ಜ್ ಆಗುತ್ತದೆ. ಎರಡೂ ಬೇಕೆನ್ನುವವರು ದಡದ ಮೇಲೆ ಮನೆ ಕಟ್ಟಿಕೊಳ್ಳುವುದು ಒಳ್ಳೆಯದು. ಕಕ್ಕಸಿನ ಡಬ್ಬವನ್ನು ನಾಲೆಗೆ ಸುರಿಯಬಾರದು. ತೆಂಗಿನ ತೋಟದವರನ್ನು ಕೇಳಿಕೊಂಡು ಗುಂಡಿ ತೋಡಬೇಕು. ಕೇಳುವಾಗ ತೀರಾ ನಾಜೂಕಾದ ದನಿ ಬೇಕಾಗುತ್ತದೆ. ಅದಕ್ಕೆ ನಾನು ನಮ್ಮ ಹೆಡ್‌ಮಾಸ್ಟರ ದನಿ ಬಳಸುತ್ತಿದ್ದೆ. ಬಟ್ಟೆ ಒಗೆಯುವ ಮೆಟ್ಟಿಲು ಬಂದರೆ ಇಂಜಿನ್ ತಗ್ಗಿಸಬೇಕು. ಅಲೆ ಎದ್ದು ಒಗೆದ ಸೀರೆ ಕೆಸರಾದರೆ ಬರುವ ಬೈಗುಳವನ್ನು ನಾನು ಇಲ್ಲಿ ಮಿಮಿಕ್ರಿ ಮಾಡಲಾರೆ. ಎಮ್ಮೆ ಅಡ್ಡ ಬಂದರೆ ನಿಲ್ಲಬೇಕು. ನಾಲೆ ಅದರದು.

ಎಲ್ಲಕ್ಕಿಂತ ಮುಖ್ಯವಾದದ್ದು ಹಗ್ಗ. ದೋಣಿ ನಿಲ್ಲಿಸುವಾಗ ಗಂಟು ಹಾಕಬಾರದು. ದಡದ ಗೂಟಕ್ಕೆ ಒಂದು ಸುತ್ತು ಹಾಕಿ ತುದಿಯನ್ನು ದೋಣಿಗೇ ತಂದು ಕೈಯಲ್ಲಿಟ್ಟುಕೊಳ್ಳಬೇಕು. ಹೊರಡುವಾಗ ತುದಿ ಸಡಿಲಿಸಿ, ಇನ್ನೊಂದು ಕಡೆಯಿಂದ ಸರಸರ ಎಳೆದು, ಸುತ್ತಿ, ಜಗಲಿಯ ಮೇಲೆ ಇಡಬೇಕು. ದೋಣಿಯ ಮುಂದಿನ ಖಾಲಿ ಜಾಗವನ್ನು ನಾವು ಜಗಲಿ ಅನ್ನುತ್ತಿದ್ದೆವು. ಇಲ್ಲಿ ತಾಂಡೇಲರದು ಒಂದು ಕಟ್ಟುನಿಟ್ಟು ಇತ್ತು.

“ಹಗ್ಗ ಬಿಡು ಅನ್ನುವ ಮಾತೇ ನನ್ನ ಬೋಟಲ್ಲಿ ಇಲ್ಲ. ಬಿಟ್ಟರೆ ನೀರಿಗೆ ಬೀಳ್ತದೆ, ಫ್ಯಾನಿಗೆ ಸುತ್ತಿಕೊಳ್ತದೆ. ಎರಡೇ ಮಾತು. ಹಿಡಿಯುವುದು, ಇಡುವುದು. ಗೊತ್ತಾಯ್ತಾ?”

ಗೊತ್ತಾಯಿತು ಅಂದೆವು. ಅವರ ಬಾಯಿಂದ ಬರುವ ಆ ‘ಹ’ ನನಗೆ ಬಹಳ ಹಿಡಿಸಿತ್ತು. ಹೊಟ್ಟೆಯಿಂದ ಎದ್ದು, ಎದೆಯಲ್ಲಿ ಒಂದು ಸುತ್ತು ಹಾಕಿ ಬರುವ ‘ಹ’. ನಮ್ಮ ಕಡೆ ಹಗ್ಗ ಅನ್ನುವವರು ಯಾರೂ ಇಲ್ಲ, ಅಗ್ಗವೇ. ಹಾಲು ಆಲು, ಹಾವು ಆವು. ಅವರ ‘ಹ’ ಕಲಿಯಲು ನಾನು ಪಾತ್ರೆ ತೊಳೆಯುತ್ತಾ ಉಸಿರು ಬಿಟ್ಟದ್ದೇ ಬಿಟ್ಟದ್ದು. ಕಲಿತ ಮೇಲೆ ಸುಮ್ಮನಿರಲಾಯಿತೇ? ಒಂದು ಸಂಜೆ ಅಡುಗೆಮನೆಯ ಕಿಟಕಿಯಿಂದ ಅವರ ದನಿಯಲ್ಲಿ “ವೆಲ್ಡರೇ, ಚಹಾ ತರ್ತೀರಾ?” ಎಂದು ಕೂಗಿದೆ. ವೆಲ್ಡರಣ್ಣ ಲೋಟ ಹಿಡಿದುಕೊಂಡು ಹಿಂದಕ್ಕೆ ಹೋದ. ಕೇಳದೆ ಬಂದ ಚಹಾ ನೋಡಿ ತಾಂಡೇಲರು ಕಕ್ಕಾಬಿಕ್ಕಿಯಾದರು. ಆಮೇಲೆ ಮೂವರೂ ನಕ್ಕೆವು. ಆ ನಗುವೇ ಮುಂದೆ ನನ್ನ ಮೇಲೆ ಸಾಕ್ಷಿಯಾಯಿತು.

ಮೊದಲ ಅವಘಡ ಕಬ್ಬಿನ ಗದ್ದೆಯ ಪಕ್ಕ ಆಯಿತು. ನೀರಿನ ಸೆಳವಿನ ದಿಕ್ಕಿಗೇ ಮುಖ ಮಾಡಿ ನಿಂತಿದ್ದೆವು. ಹಾಗೆ ನಿಂತಾಗ ಹಿಂದಿನ ಹಗ್ಗ ತೆಗೆದ ಕೂಡಲೇ ಮುಂದಿನದನ್ನೂ ತೆಗೆಯಬೇಕು. ಮುಂದಿನದು ಕಟ್ಟಿಕೊಂಡೇ ಉಳಿದರೆ ಸೆಳವು ಹಿಂಭಾಗವನ್ನು ನಾಲೆಯ ನಡುವಿಗೆ ತಳ್ಳಿ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ಬಿದ್ದ ದೋಣಿಯ ಮೇಲೆ ಇಡೀ ನಾಲೆ ಬಂದು ಕೂರುತ್ತದೆ. ಹಿಂದಿನ ಹಗ್ಗವನ್ನು ತಾಂಡೇಲರು ತಾವೇ ತೆಗೆದರು. ಜಗಲಿಯಲ್ಲಿ ವೆಲ್ಡರಣ್ಣ ಇದ್ದ. ನಾನು ನಡುವೆ, ಒಲೆಯ ಮುಂದೆ. ಹಿಂದಿನಿಂದ ಕೂಗು ಬಂತು. ಆಮೇಲೆ ಇನ್ನೊಂದು ಸಲ, ಜೋರಾಗಿ. ದೋಣಿ ತಿರುಗಿತು, ವಾಲಿತು, ಸಾರಿನ ಪಾತ್ರೆ ನನ್ನ ಕಾಲ ಮೇಲೆ ಬಂತು. ಹಿಂಭಾಗ ಎದುರು ದಡದ ಕೆಸರಿಗೆ ಗುದ್ದಿತು.

ತಾಂಡೇಲರು ಮುಂದಕ್ಕೆ ಓಡಿಬಂದರು. “ನಾನು ಹೇಳಿದ್ದು ಎಂತ, ನೀವು ಮಾಡಿದ್ದು ಎಂತ?”

“ನೀವು ಯೋಳ್ದಂಗೇ ಮಾಡಿವ್ನಿ ಕಣ್ರಿ.” ವೆಲ್ಡರಣ್ಣನ ಅಂಗೈ ಹಗ್ಗ ಜಗ್ಗಿ ಕೆಂಪಗಾಗಿತ್ತು. “ನಂದೇನು ತಪ್ಪು?”

“ಸುಳ್ಳು ಹೇಳಬೇಡಿ.”

“ಸುಳ್ಳು ಯೋಳೋ ಜರೂರತ್ತು ನಂಗೇನೈತೆ?”

ನಂತರದ ಕೆಲವು ದಿನ ಹಗ್ಗಕ್ಕೆ ನನ್ನನ್ನು ನಿಲ್ಲಿಸಿದರು. ಒಂದು ತಪ್ಪೂ ಆಗಲಿಲ್ಲ. ನಾನು ಉಬ್ಬಿದೆ. ಮತ್ತೆ ಒಂದು ಬೆಳಗ್ಗೆ ರೊಟ್ಟಿ ತಟ್ಟುವುದಿತ್ತು, ವೆಲ್ಡರಣ್ಣ ಜಗಲಿಗೆ ಹೋದ, ದೋಣಿ ಮತ್ತೆ ಅಡ್ಡ ಬಿತ್ತು. ಈ ಸಲ ಕಿಟಕಿಯ ಗಾಜು ಒಡೆಯಿತು.

ತಾಂಡೇಲರು ಕೂಗಾಡಲಿಲ್ಲ. ಮಧ್ಯಾಹ್ನ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ನನ್ನನ್ನೇ ನೋಡಿದರು.

“ನೀನು ಹಗ್ಗದಲ್ಲಿದ್ದಾಗ ಎಲ್ಲ ಸರಿ. ನೀನು ಅಡುಗೆಮನೆಯಲ್ಲಿದ್ದಾಗ ಮಾತ್ರ ವೆಲ್ಡರಿಗೆ ತಪ್ಪು ಕೇಳಿಸ್ತದೆ. ಯಾಕೆ?”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ವೆಲ್ಡರಣ್ಣನಿಗೆ ಬೇಗ ಅರ್ಥವಾಯಿತು.

“ಲೇ, ನೀನಾ?” ಅಂದ. “ಅವತ್ತು ಚಾ ಕೂಗ್ದಂಗೆ ಇದ್ನೂ ಕೂಗ್ದಾ? ಅದ್ಕೇ ಕಣ್ರಿ ಒಂಥರಾ ಕೂಗು. ಏನ್ ಮರ್ವಾದಿ ಕೆಟ್ಟ ಕೂಗು ಅದು.”

“ಅಣ್ಣ, ನಾನು ಯಾಕಣ್ಣ ಕೂಗ್ಲಿ? ಸಾರು ನನ್ ಕಾಲ್ ಮೇಲೇ ಬಿತ್ತಲ್ಲ.”

“ತಮಾಸೆಗೆ. ನೀನು ತಮಾಸೆಗೆ ಅವ್ವನ್ ದನೀಲಿ ಅಪ್ಪನ್ ಬೈದೋನು ಅಂತ ನೀನೇ ಯೋಳಿದ್ದೆ.”

ಹೇಳಿದ್ದು ನಿಜ. ನಮ್ಮಂಥವರಿಗೆ ಇರುವ ಕಷ್ಟ ಇದೇ. ಪ್ರಾಣ ಹೋಗುತ್ತಿದೆ ಎಂದು ಕೂಗಿದರೂ, ಯಾರ ದನಿ ಇದು, ಚೆನ್ನಾಗಿ ಮಾಡ್ತಾನೆ ಅನ್ನುತ್ತಾರೆ. ನಾನಲ್ಲ ಅಂದೆ. ಆಣೆ ಇಟ್ಟೆ. ಆಣೆ ಇಡುವಾಗ ಅಳು ದನಿ ಬಂತು. ಅದೂ ಮಿಮಿಕ್ರಿಯ ಹಾಗೇ ಇತ್ತು, ನನಗೇ ನಂಬಿಕೆ ಬರಲಿಲ್ಲ.

ತಾಂಡೇಲರ ತೀರ್ಪು ಸರಳವಾಗಿತ್ತು. ಇಂಜಿನ್ ಓಡುವಾಗ ನಾನು ಬಾಯಿ ತೆರೆಯಬಾರದು. ಓನರ್ ನೋಡಲು ಬರುವ ದಿನ ಅವರಿಗೆ ಎಲ್ಲ ಹೇಳಿ ನನ್ನನ್ನು ದಡಕ್ಕೆ ಇಳಿಸುವುದು. ಅಲ್ಲಿಯವರೆಗೆ ಎರಡೂ ಹಗ್ಗವನ್ನು ಅವರೇ ತೆಗೆಯುವುದು, ನಾನು ಹತ್ತಿರವೂ ಸುಳಿಯಬಾರದು. ಆಮೇಲಿನ ದಿನಗಳಲ್ಲಿ ನಾನು ಉಪ್ಪು ಹಾಕಿದರೂ ಇಬ್ಬರೂ ಕೈ ನೋಡುತ್ತಿದ್ದರು. ಊಟದ ಮೊದಲ ತುತ್ತನ್ನು ನಾನು ತಿಂದ ಮೇಲೆ ಅವರು ತಿನ್ನುತ್ತಿದ್ದರು. ಒಂದು ಲಾಭ ಮಾತ್ರ ಆಯಿತು: ನನ್ನ ವಿಷಯದಲ್ಲಿ ಅವರಿಬ್ಬರೂ ಒಂದಾಗಿದ್ದರು.

ಓನರ್ ಬಂದರು, ಜೊತೆಗೆ ಅವರ ಅವ್ವ. ನಾಲೆಯ ಒಂದು ಸೇತುವೆಗೆ ಸ್ವಲ್ಪ ಮೊದಲು ಬರುವ ಮೆಟ್ಟಿಲ ಹತ್ತಿರ ಹತ್ತಿಸಿಕೊಂಡು ಮೇಲಕ್ಕೆ ಒಂದು ಸುತ್ತು ಹೋಗಿ, ತಿರುಗಿಕೊಂಡು ಅದೇ ಮೆಟ್ಟಿಲಿಗೆ ಬಂದು, ಕಾಫಿ ಕುಡಿದು, ಸೇತುವೆಯ ಕೆಳಗಿಂದ ಮುಂದಿನ ಊರಿಗೆ ಹೋಗುವುದು ಎಂದು ಗೊತ್ತಾಗಿತ್ತು. ಸೇತುವೆಯ ನಡುವೆ ಒಂದು ಕಲ್ಲಿನ ಕಂಬ. ಅದರ ಎರಡೂ ಕಡೆ ನೀರು ಇಕ್ಕಟ್ಟಾಗಿ ನುಗ್ಗುತ್ತದೆ. ಅಜ್ಜಿ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಎಲೆ ಅಡಿಕೆ ಬಿಚ್ಚಿಕೊಂಡರು. ಮಗ ಪಕ್ಕದಲ್ಲಿ ನಿಂತು ಫೋನಿನಲ್ಲಿ ಫೋಟೋ ಹಿಡಿಯುತ್ತಿದ್ದರು. ಹೋಗುವ ಸುತ್ತಿಗೂ ಎರಡೂ ಹಗ್ಗವನ್ನು ತಾಂಡೇಲರೇ ತೆಗೆದರು, ಚೆನ್ನಾಗಿಯೇ ಆಯಿತು; ಸೇತುವೆಯ ಕಡೆ ಹೊರಡುವಾಗ ಚುಕ್ಕಾಣಿ ಬಿಡುವ ಹಾಗಿಲ್ಲವೆಂದು ಮುಂದಿನ ಹಗ್ಗವನ್ನು ವೆಲ್ಡರಣ್ಣನಿಗೆ ಒಪ್ಪಿಸಿದರು. ತಾಂಡೇಲರು ನನ್ನ ವಿಷಯವನ್ನು ಕಾಫಿ ಆದ ಮೇಲೆ ಎತ್ತುವುದಾಗಿ ಮೊದಲೇ ನನಗೆ ತಿಳಿಸಿದ್ದರು. ಹಾಗಾಗಿ ಕಾಫಿಯನ್ನು ನಾನು ಆದಷ್ಟು ನಿಧಾನ ಕಾಯಿಸಿದೆ.

ಬಾಯಿ ಮುಚ್ಚಿಸಿದ ಮಿಮಿಕ್ರಿಯವನಿಗೆ ತುಟಿ ತುರಿಸುತ್ತದೆ. ಹಾಲು ಉಕ್ಕುವುದನ್ನು ಕಾಯುತ್ತಾ, ಸದ್ದಿಲ್ಲದೆ ತಾಂಡೇಲರ ಆಜ್ಞೆಗಳನ್ನು ಒಂದೊಂದಾಗಿ ತುಟಿಯಲ್ಲೇ ಆಡಿಸುತ್ತಿದ್ದೆ. ನನಗೆ ಹೇಳುವ ‘ಹಗ್ಗ ಹಿಡಿ’. ನನಗೆ ಹೇಳುವ ‘ಹಗ್ಗ ಇಡು’. ವೆಲ್ಡರಣ್ಣನಿಗೆ ಹೇಳುವ ‘ಹಗ್ಗ ಹಿಡೀರಿ’. ವೆಲ್ಡರಣ್ಣನಿಗೆ ಹೇಳುವ ‘ಹಗ್ಗ ಇಡಿ’. ಆಟ ಪೂರ್ತಿಯಾಗಲಿ ಎಂದು ವೆಲ್ಡರಣ್ಣನ ಉತ್ತರವನ್ನೂ ಸೇರಿಸಿದೆ. ಅವನ ದನಿಗೆ ಇಳಿಯುವಾಗ ಮೊದಲು ಮಾಡಬೇಕಾದದ್ದು ‘ಹ’ ಕಳಚಿ ಕೆಳಗಿಡುವುದು. ಅಗ್ಗ ಇಡಿ. ನನ್ನ ತುಟಿ ಅಲ್ಲೇ ನಿಂತಿತು.

ವೆಲ್ಡರಣ್ಣನ ಬಾಯಲ್ಲಿ ಹಿಡಿಯೂ ಇಡಿಯೇ. ಇವನು ಹಿರಿಯನೆಂದು ತಾಂಡೇಲರು ಬಹುವಚನ ಹಚ್ಚಿ, ‘ಕೆಳಗಿಡಿ’ ಎಂದು ಕೂಗುತ್ತಿದ್ದಾರೆ. ಇವನ ಕಿವಿಗೆ ಅದು ಏಕವಚನದಲ್ಲಿ, ‘ಹಿಡಿಯೋ’ ಎಂದು ಕೇಳಿಸುತ್ತಿದೆ. ಮರ್ವಾದಿ ಕೆಟ್ಟ ಕೂಗು ಅಂದದ್ದು ಅದಕ್ಕೆ. ಅವಮಾನವನ್ನು ನುಂಗಿಕೊಂಡು, ಹೇಳಿದ ಹಾಗೆ ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಾನೆ. ಕಿರಿಯನಾದ ನನಗೆ ಅವರು ‘ಇಡು’ ಅನ್ನುತ್ತಿದ್ದರಿಂದ ನಾನು ತಪ್ಪುತ್ತಿರಲಿಲ್ಲ. ಎಲ್ಲ ಸಂಗತಿ ನನ್ನ ಕಿವಿಯಲ್ಲೇ ಇತ್ತು. ನಾನು ದನಿ ಕದಿಯುತ್ತಿದ್ದೆನೇ ಹೊರತು ಮಾತು ಕೇಳಿಸಿಕೊಂಡಿರಲಿಲ್ಲ.

ಕಾಫಿ ಲೋಟಗಳನ್ನು ಜಗಲಿಗೆ ತಂದೆ. ವೆಲ್ಡರಣ್ಣನ ಪಕ್ಕ ಬಗ್ಗಿ, “ಅಣ್ಣ, ಅವ್ರು ಇಡಿ ಅನ್ನದು—” ಅಂದೆ.

“ಬಾಯ್ ಮುಚ್ಕಂಡು ಒಲೆ ನೋಡ್ಕೋ ಓಗ್ಲಾ,” ಅಂದ, ಓನರಿಗೆ ಕೇಳದ ಹಾಗೆ. “ಇವತ್ತೊಂದಿನ ನಿನ್ ಆಟ ಬೇಡ.”

ತಾಂಡೇಲರ ಹತ್ತಿರ ಹೋಗೋಣ ಎಂದು ಹಿಂದಕ್ಕೆ ತಿರುಗಿದೆ. ಆಗಲೇ ಇಂಜಿನ್ ಶುರುವಾಯಿತು. ನನ್ನ ವಿಷಯ ಮಾತಾಡುವ ಮೊದಲೇ ಹೊರಟುಬಿಟ್ಟರಲ್ಲ ಎಂದು ಒಂದು ಗಳಿಗೆ ಖುಷಿಯಾದೆ, ಅಷ್ಟು ಬುದ್ಧಿ ನನ್ನದು. ಅಷ್ಟರಲ್ಲಿ ಅವರು ಹಿಂದಿನ ಹಗ್ಗವನ್ನು ಎಳೆದು ಸುತ್ತಿ ಇಟ್ಟಾಗಿತ್ತು.

“ವೆಲ್ಡರೇ, ಹಗ್ಗ ಇಡಿ.”

ಅಡುಗೆಮನೆಯ ಕಿಟಕಿಯಿಂದ ನೋಡಿದೆ. ವೆಲ್ಡರಣ್ಣ ಕಾಲು ಊರಿ, ಸೊಂಟ ಬಗ್ಗಿಸಿ ಹಗ್ಗವನ್ನು ಹಿಡಿದುಕೊಂಡ. ಹಿಂಭಾಗ ದಡದಿಂದ ಸರಿಯತೊಡಗಿತು. ಕೆಳಗೆ ಸೇತುವೆಯ ಕಂಬ. ಅಡ್ಡ ಬಿದ್ದ ದೋಣಿ ಗೂಟದಿಂದ ಕಿತ್ತುಕೊಂಡರೆ ನೇರ ಕಂಬಕ್ಕೆ ನಡು ಕೊಟ್ಟು ಮಡಚಿಕೊಳ್ಳುತ್ತದೆ. ಜಗಲಿಯಲ್ಲಿ ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದರು.

“ಹಗ್ಗ ಇಡಿ, ಇಡಿ,” ತಾಂಡೇಲರ ದನಿ ಏರಿತು. ವೆಲ್ಡರಣ್ಣ ಇನ್ನೂ ಬಿಗಿಯಾಗಿ ಹಿಡಿದ. ಅವನ ಕಿವಿ ಕೆಂಪಾಗಿದ್ದು ಇಲ್ಲಿಗೇ ಕಾಣುತ್ತಿತ್ತು.

ನನ್ನ ದನಿಯಲ್ಲಿ ಕೂಗಿದರೆ ಅವನು ಕೇಳುವುದಿಲ್ಲ. ತಾಂಡೇಲರ ಮಾತಿನಲ್ಲಿ ಕೂಗಿದರೆ ಅವನಿಗೆ ತಿಳಿಯುವುದಿಲ್ಲ. ಯಾವ ತಪ್ಪನ್ನು ಮಾಡಿಲ್ಲವೆಂದು ಆಣೆ ಇಟ್ಟಿದ್ದೆನೋ ಅದನ್ನೇ ಈಗ ಮಾಡಬೇಕಿತ್ತು, ಅದೂ ಓನರ ಎದುರಿಗೆ. ಕಿಟಕಿಗೆ ಬಾಯಿ ಕೊಟ್ಟು ಹೊಟ್ಟೆಯಿಂದ ಉಸಿರು ಎತ್ತಿದೆ. ದನಿ ಅವರದು, ಮಾತು ನಮ್ಮದು.

“ಅಗ್ಗ ಬುಡಿ ವೆಲ್ಡರೇ. ಬುಟ್ಬುಡಿ ಅಗ್ಗವ.”

ಬುಡು ಅನ್ನುವುದಕ್ಕೆ ನಮ್ಮ ಕಡೆ ಬೇರೆ ಅರ್ಥವೇ ಇಲ್ಲ. ವೆಲ್ಡರಣ್ಣ ಬಿಟ್ಟ. ಹಗ್ಗ ಗೂಟವನ್ನು ಒಮ್ಮೆ ಸುತ್ತಿ ನೀರಿಗೆ ಬಿತ್ತು. ಅಡ್ಡ ತಿರುಗುತ್ತಿದ್ದ ದೋಣಿಯ ಮುಂಭಾಗ ಸಡಿಲವಾಯಿತು. ತಾಂಡೇಲರು ಚುಕ್ಕಾಣಿಯನ್ನು ಪೂರ್ತಿ ಒತ್ತಿ ಇಂಜಿನ್ ಏರಿಸಿದರು. ಮೂತಿ ನಿಧಾನವಾಗಿ ಸೆಳವಿನ ಕಡೆ ನೇರವಾಯಿತು. ಕಂಬವನ್ನು ಒಂದು ಮೊಳ ಬಿಟ್ಟು ದಾಟಿದೆವು. ದಾಟಿದ ಮೇಲೆ ಹಿಂದೆ ಕಟಕಟ ಎಂದು ಸದ್ದಾಗಿ ಇಂಜಿನ್ ಉಸಿರು ಕಟ್ಟಿ ನಿಂತಿತು. ನೀರಿಗೆ ಬಿದ್ದ ಹಗ್ಗ, ತಾಂಡೇಲರು ಹೇಳಿದ್ದ ಹಾಗೇ, ಫ್ಯಾನಿಗೆ ಸುತ್ತಿಕೊಂಡಿತ್ತು. ದೋಣಿ ತನ್ನ ಪಾಡಿಗೆ ತೇಲಿ ಹೋಗಿ ಜೊಂಡಿನಲ್ಲಿ ಮೂತಿ ಇಟ್ಟು ಮಲಗಿತು.

ಮೊದಲು ಮಾತಾಡಿದವರು ಅಜ್ಜಿ. “ಕೇಳುದ್ಯಾ ಮಗ? ಅಷ್ಟು ದೂರದಿಂದ ಬಂದಿರೋ ಅಪ್ಪ ಎಷ್ಟು ಚಂದಾಗಿ ನಮ್ ಮಾತ ಕಲ್ತವ್ನೆ.”

ತಾಂಡೇಲರು ಒಳಗಿಂದ ನಡೆದು ಬಂದರು. ಅಡುಗೆಮನೆಯಲ್ಲಿ ನಿಂತರು. ವೆಲ್ಡರಣ್ಣ ಇನ್ನೊಂದು ಬಾಗಿಲಲ್ಲಿ. ಆಚೆ ಹೋಗಲು ನನಗೆ ಇದ್ದದ್ದು ಒಡೆದ ಗಾಜಿನ ಕಿಟಕಿ ಒಂದೇ.

“ನಾನು ಬಿಡಿ ಅಂತ ಹೇಳಲಿಲ್ಲ,” ಅಂದರು ತಾಂಡೇಲರು.

“ಇಲ್ಲ ಸಾ. ನಾನೇ ಅಂದದ್ದು.”

“ನೋಡುದ್ರಾ, ಒಪ್ಕಂಡ,” ಅಂದ ವೆಲ್ಡರಣ್ಣ.

ಹೇಳಿ ತಿಳಿಸುವುದು ಆಗದ ಕೆಲಸ ಎಂದು ಗೊತ್ತಿತ್ತು. ಹಾಗಾಗಿ ಆಡಿ ತೋರಿಸಿದೆ. ತಾಂಡೇಲರಾಗಿ ‘ಹಗ್ಗ ಇಡಿ’ ಎಂದೆ, ಖಾಲಿ ಲೋಟವನ್ನು ಕೆಳಗಿಟ್ಟೆ. ವೆಲ್ಡರಣ್ಣನಾಗಿ ‘ಅಗ್ಗ ಇಡಿ’ ಎಂದೆ, ಅದೇ ಲೋಟವನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದುಕೊಂಡೆ. ಮತ್ತೊಮ್ಮೆ ಮಾಡಿದೆ. ಇಬ್ಬರೂ ಲೋಟವನ್ನೇ ನೋಡುತ್ತಿದ್ದರು.

“ಹಿಡಿಯಲಿಕ್ಕೆ ಆದ್ರೆ ನಾನು ಹಿಡೀರಿ ಅಂತ ಹೇಳ್ತಿದ್ದೆನಲ್ಲ,” ಅಂದರು ತಾಂಡೇಲರು, ನಿಧಾನವಾಗಿ. “ಹಿರಿಯರಿಗೆ ಹಿಡಿ ಅಂತ ಯಾರು ಹೇಳ್ತಾರೆ ಮಾರಾಯ?”

ವೆಲ್ಡರಣ್ಣ ತನ್ನ ಅಂಗೈ ನೋಡಿಕೊಂಡ. “ನಾನು ಇಷ್ಟ್ ದಿನ, ಈವಯ್ಯ ನನ್ನ ಲೇ ಅಂದಂಗೆ ಕೂಗ್ತನೆ ಅನ್ಕಂಡಿದ್ದೆ,” ಅಂದ. ಕ್ಷಮೆ ಕೇಳುವುದು ಅವರಿಬ್ಬರಿಗೂ ಬರುತ್ತಿರಲಿಲ್ಲ. ಬಂದಿದ್ದರೂ ಆ ಅಡುಗೆಮನೆಯಲ್ಲಿ ಜಾಗವಿರಲಿಲ್ಲ.

ಬಾಕಿ ಕೆಲಸ ನನ್ನದಾಯಿತು. ಫ್ಯಾನಿಗೆ ಹಗ್ಗ ಸುತ್ತಿದರೆ ಮೊದಲು ಇಂಜಿನ್ನಿನ ಕೀ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ನೀರಿಗೆ ಇಳಿಯಬೇಕು. ಗರಗಸದ ಹಲ್ಲಿರುವ ಚಾಕು ಬೇಕು, ಸಾದಾ ಚಾಕು ನೈಲಾನಿಗೆ ತಾಗುವುದಿಲ್ಲ. ನಾನು ಎದೆಮಟ್ಟ ನೀರಿನಲ್ಲಿ ನಿಂತು ಒಂದೊಂದೇ ಸುತ್ತು ಕೊಯ್ದು ತೆಗೆಯುವಾಗ ತಾಂಡೇಲರು ಮೇಲೆ ಬಗ್ಗಿ ಕೂತಿದ್ದರು. ಕೀ ಅವರ ಜೇಬಿನಲ್ಲಿತ್ತು. ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ನನಗೂ ಅನುಮಾನ ಪಡುವ ಹಕ್ಕು ಇತ್ತಲ್ಲ.

ಓನರಿಗೆ ಯಾರೂ ಏನೂ ಹೇಳಲಿಲ್ಲ. ಕಂಬದ ಹತ್ತಿರ ಹಾಯ್ದು ಹೋದದ್ದನ್ನು ಅವರು ಸೇವೆಯ ಭಾಗ ಎಂದುಕೊಂಡರು. ಮುಂದಿನ ಸಲ ಬರುವವರಿಗೂ ಹಾಗೇ ಮಾಡಿ, ಮಜಾ ಇರುತ್ತದೆ ಅಂದರು. ಮೂವರ ಕೆಲಸವೂ ಕಾಯಂ ಆಯಿತು.

ಈಗ ನಮ್ಮ ದೋಣಿಯಲ್ಲಿ ಹಗ್ಗಕ್ಕೆ ಮಾತಿಲ್ಲ. ತಾಂಡೇಲರು ಕೊಳ್ಳೇಗಾಲದಿಂದ ಒಂದು ಸೀಟಿ ತರಿಸಿದರು. ಒಂದು ಸೀಟಿ ಅಂದರೆ ಹಿಡಿಯುವುದು, ಎರಡು ಸೀಟಿ ಅಂದರೆ ಇಡುವುದು. ದೋಣಿಯಲ್ಲಿ ಮನೆ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಸಲಹೆ ನನ್ನಲ್ಲಿಲ್ಲ. ಎಲ್ಲ ಸುಸೂತ್ರವಾಗಿದೆ. ಸೀಟಿ ತಾಂಡೇಲರ ಕೊರಳಲ್ಲೇ ಇರುತ್ತದೆ, ಮಲಗುವಾಗಲೂ.

ಅವರು ಎರಡು ಸಲ ಊದುತ್ತಾರೆ. ವೆಲ್ಡರಣ್ಣ ಬಗ್ಗಿ ಅಡುಗೆಮನೆಯ ಕಿಟಕಿಯೊಳಗೆ ನೋಡುತ್ತಾನೆ. ನನ್ನ ತುಟಿ ಮುಚ್ಚಿದೆ ಎಂದು ಕಂಡ ಮೇಲೆ ಹಗ್ಗ ಇಡುತ್ತಾನೆ.